ಗುಂಗುರನ ಅರ್ಜಿಯ ಮೇಲೆ ನಿನ್ನ ಕೆಂಪು ಶಾಯಿ

ಅಕ್ಕಾ,

ಹಾಲು ಕಾಯಿಸಿದ್ದೇನೆ, ಆರಿದ ಮೇಲೆ ಫ್ರಿಜ್ಜಿನಲ್ಲಿಡು.

ನಿನ್ನೆ ಕಾರ್ಖಾನೆಯಲ್ಲಿ ನನ್ನ ಪಕ್ಕದ ಮೆಷಿನ್ನಿನ ಗುಂಗುರ ತನ್ನ ಸೂಪರ್‌ವೈಸರ್ ಅರ್ಜಿ ತೋರಿಸಿ ಮೆರೆದ. "ನಿಮ್ಮಕ್ಕ ಒಂದು ಗಂಟೆ ಕೂತು ತಿದ್ದಿದ್ರು ಕಣೋ" ಅಂದ. ಇರುವುದು ಒಂದೇ ಹುದ್ದೆ, ನಾನೂ ಅರ್ಜಿ ಹಾಕುತ್ತಿದ್ದೇನೆ ಅಂತ ನಿನಗೆ ಗೊತ್ತಿಲ್ಲವೇ?

ಇಂಗ್ಲಿಷಿನ 'ಮೈ' ಎಲ್ಲಿ ಬರಬೇಕು, 'ಮೈನ್' ಎಲ್ಲಿ, 'ಅವರ್' ಎಲ್ಲಿ ಅಂತ ಅಂಚಿನಲ್ಲಿ ಅವನಿಗೆ ಪಾಠ ಬೇರೆ ಬರೆದಿದ್ದೀಯ. ಕಟಿಂಗ್ ಮೆಷಿನ್ ರಿಪೇರಿಗೂ ಅವನು 'ಮೈ', ಅಂದರೆ ತನ್ನದು ಅಂತ ಹಾಕಿದ್ದಾನೆ, ನೀನು ಟಿಕ್ ಹೊಡೆದಿದ್ದೀಯ. ಮಾಡಿದ್ದು ನಾನು ಅಕ್ಕಾ. ಅವನು ಟಾರ್ಚ್ ಹಿಡಿದಿದ್ದ, ಅಷ್ಟೆ. ಗ್ರೀಸ್ ಮೆತ್ತಿದ ನನ್ನ ಅಂಗಿ ಉಜ್ಜಿ ಒಗೆದವಳು ನೀನೇ.

ಭಾನುವಾರ ನಾನು ಕೇಳಿದರೆ "ಮಕ್ಕಳ ಪೇಪರ್ ರಾಶಿ ಬಿದ್ದಿದೆ, ಆಮೇಲೆ ನೋಡೋಣ ಪುಟ್ಟಾ" ಅಂದೆ. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನಿಗೆ ಇಷ್ಟು ಸಾಕು ಅಂತಲೇ?

ನನ್ನ ಅರ್ಜಿ ಕಪಾಟಿನ ಮೇಲಿದೆ. ನಾನೇ ಬರೆದದ್ದು, ನಗಬೇಡ. ನಾಳೆ ಹತ್ತು ಗಂಟೆಗೆ ಕೊಡಬೇಕು. ಆದರೂ ನೀನೊಬ್ಬಳೇ ತಿದ್ದಿ ಇಡಬೇಡ. ಸಂಜೆ ಆರಕ್ಕೆ ಬರುತ್ತೇನೆ, ಪಕ್ಕದಲ್ಲಿ ಕೂರಿಸಿಕೊಂಡು ಬೈದು ತಿದ್ದು.