ಕೋಳಿಗೂಡಿನ ಹಿಂದಿನ ಜಿಂಕೆ

ಒಹಾಯೋ, ಅಕ್ಟೋಬರ್ ಹನ್ನೊಂದು

ಏಡನ್ ಅಣ್ಣ,

ಇಂದು ನಮ್ಮ ಆಮಿಶ್ ಸಭೆಯವರ ಉಪವಾಸ. ಹಸುಗಳಿಗೆ ಉಪವಾಸವಿಲ್ಲವಲ್ಲ, ಹಾಲು ಕರೆದು, ಹುಲ್ಲು ಹಾಕಿ, ಎಂದಿನಂತೆ ಕೀರ್ತನೆ ಹಾಡಿಕೊಂಡು ಕೋಳಿಗಳಿಗೆ ಕಾಳು ಚೆಲ್ಲಲು ಹೋದೆ. ಗೂಡಿನ ಹಿಂದಿನ ಮುಳ್ಳುಪೊದೆಯಲ್ಲಿ ಅವನು ಮಲಗಿದ್ದ, ಎಡಗಿವಿ ಸೀಳಿದ ಗಂಡು ಜಿಂಕೆ. "ಇನ್ನೂ ಹುಡುಗ, ಬೆಳೀಲಿ ಬಿಡು" ಎಂದು ನೀನು ಬಿಲ್ಲು ಇಳಿಸಿದ್ದೆಯಲ್ಲ, ಅವನೇ. ಈಗ ಹೋರಿಯಂಥ ಕುತ್ತಿಗೆ. ನಾನು ಹಾಡು ನಿಲ್ಲಿಸಿದಾಗ ತಲೆ ಎತ್ತಿದ. ಮತ್ತೆ ಹಾಡಿದೆ, ಸುಮ್ಮನೆ ಮೆಲುಕು ಹಾಕತೊಡಗಿದ.

ಅವನಿಗಾಗಿ ನಮ್ಮ ಯಜಮಾನರು ಲೆವೈ ಪ್ರತಿ ವರ್ಷ ಮನೆ ಹಿಂದಿನ ಆರು ಎಕರೆ ಕಾಡು ದಾಟಿ ಆ ತುದಿಯ ಮರ ಹತ್ತಿ ಕೂರುತ್ತಾರೆ.

"ಆ ಕಿವಿಹರುಕ ಊರು ಬಿಟ್ಟಿದ್ದಾನೆ ಕಣೇ" ಅಂದರು ಇಂದು ಮಧ್ಯಾಹ್ನ.

"ನಿಮ್ಮ ಬೂಟಿನ ವಾಸನೆಗೆ ನಾನೇ ಊರು ಬಿಡ್ತೀನಿ, ಅವನದೇನು?"

"ಹಾಗಾದ್ರೆ ಎಲ್ಲಿದ್ದಾನೆ? ನೀನು ನೋಡಿದ್ಯಾ?"

"ಉಪವಾಸದ ದಿನ ಬೇಟೆ ಮಾತು ಬೇಡ. ನಾಳೆ ಕೇಳಿ."

ನಾಳೆ ಕೇಳಿದರೆ ಸುಳ್ಳು ಹೇಳಲಾರೆ. ಅವನು ಪೂರ್ತಿ ಬೆಳೆದನೋ, ಇನ್ನೊಂದು ವರ್ಷ ಬಿಡಬೇಕೋ, ನೀನು ನೋಡಿ ಹೇಳಬೇಕಿತ್ತು. ಅಷ್ಟು ಕಾಡಿರುವಾಗ ನನ್ನ ಹಾಡಿನ ಪಕ್ಕದಲ್ಲೇ ಯಾಕೆ ಮಲಗುತ್ತಾನೆ ಅಣ್ಣ?

ನಮ್ಮ ಸಭೆಯನ್ನೇ ತೊರೆದು ಹೋದ ಮೇಲೆ ನೀನು ಎಲ್ಲಿದ್ದೀ ಎಂದು ಯಾರೂ ಹೇಳುವುದಿಲ್ಲ, ಹಾಗಾಗಿ ಇದು ಅಂಚೆಗೆ ಹೋಗದು. ಆದರೂ ಉತ್ತರ ಬರೆದೆಯಾದರೆ ನೀನೇ ತರಬೇಡ. ನಿನ್ನ ಮೇಲೆ ಸಭೆಯ ಬಹಿಷ್ಕಾರ ಇರುವ ತನಕ ನಾನು ನಿನಗೆ ಏನು ಬೇಕಾದರೂ ಕೊಡಬಹುದು, ನಿನ್ನ ಕೈಯಿಂದ ಮಾತ್ರ ತೆಗೆದುಕೊಳ್ಳುವಂತಿಲ್ಲ. ಪಕ್ಕದ ಮನೆಯ ಡಾರ್ಲೀನ್ ಆಮಿಶ್ ಅಲ್ಲ, ಅವಳಿಗೆ ಈ ಕಟ್ಟಳೆ ಇಲ್ಲ. ಅವಳ ಕೈಗೆ ಕೊಡು, ಅವಳು ತಂದುಕೊಡಲಿ.