ಫಾರ್ಗೋದಲ್ಲಿ ಬಾಡಿಗೆ ಕೋಣೆ

ಮಾರ್ಚ್ ೧೧

ಪ್ರೊಬೇಷನ್ ಅಧಿಕಾರಿ ಬ್ರಾಂಡ್‌ವೋಲ್ಡ್ ಅವರಿಗೆ,
ಡುಲೂತ್.

ಪರರ ಖಾತೆಗಳಿಗೆ ಕನ್ನ ಹಾಕಿದ್ದು ನನ್ನ ಗಂಡ ವೇಯ್ನ್. ಅವನನ್ನು ಜೈಲಿಗೆ ಕಳಿಸದೆ ನಿಮ್ಮ ನಿಗಾದಲ್ಲಿ ಬಿಟ್ಟ ನ್ಯಾಯಾಲಯ ಕಾವಲು ಹಾಕಲು ಹೇಳಿದ್ದೂ ಅವನ ಫೋನು, ಕಂಪ್ಯೂಟರಿಗೆ. ಒಂದೇ ಮನೆಯಲ್ಲಿದ್ದೇನೆಂದು ನನ್ನ ಫೋನನ್ನೂ ಸೇರಿಸಿ ಸಹಿ ಹಾಕಿಸಿಕೊಂಡಿರಿ. "ನಿಮ್ಮದನ್ನ ನಾವ್ಯಾಕಮ್ಮ ನೋಡೋಣ?" ಎಂದಿದ್ದಿರಿ.

ಕಳೆದ ಮಂಗಳವಾರ ನಮ್ಮ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತ, ನಮ್ಮ ಫೋನುಗಳಲ್ಲಿ ಹುಡುಕಿದ್ದೆಲ್ಲದರ ಪಟ್ಟಿಯಿದ್ದ ಕಾಗದವನ್ನು ಅವನೆದುರೇ ಬಿಡಿಸಿದಿರಿ.

"ಫಾರ್ಗೋದಲ್ಲಿ ಬಾಡಿಗೆ ಕೋಣೆ ಹುಡುಕ್ತಿರೋದು ಯಾರು? ಊರು ಬಿಡೋ ಯೋಚನೆ ಏನಯ್ಯಾ?"

"ನಾನಲ್ಲ ಸಾರ್," ಎಂದ ವೇಯ್ನ್, ನನ್ನನ್ನೇ ನೋಡುತ್ತ. "ಕೋಣೆ ಒಬ್ರಿಗೋ, ಇಬ್ರಿಗೋ?"

"ಒಬ್ರಿಗೆ," ಎಂದು ನೀವೇ ಓದಿ ಹೇಳಿದಿರಿ.

ನೀವು ಹೋದ ಮೇಲೆ ಅವನು ನನ್ನ ಕಾರಿನ ಕೀಲಿಯನ್ನು ಜೇಬಿಗೆ ಹಾಕಿಕೊಂಡ. ಆಮೇಲೆ ನಡೆದದ್ದನ್ನು ಡಾಕ್ಟರು ಬರೆದುಕೊಂಡಿದ್ದಾರೆ. ಜೂನ್‌ವರೆಗೆ ತಡೆದು ಸದ್ದಿಲ್ಲದೆ ಹೊರಡಬೇಕೆಂದಿದ್ದವಳು, ಮರುದಿನವೇ ಹಿಮದಲ್ಲಿ ಎರಡು ಮೈಲಿ ನಡೆದು ಬಸ್ಸು ಹಿಡಿದೆ.

ನನ್ನ ಫೋನು ಈ ಪೊಟ್ಟಣದಲ್ಲಿದೆ. ತಲುಪಿತೆಂದು ನನ್ನ ವಕೀಲರಿಗೆ ಬರೆದು ತಿಳಿಸಿ. ನಾನೆಲ್ಲಿದ್ದೇನೆಂದು ವೇಯ್ನ್ ನಿಮ್ಮನ್ನು ಕೇಳುತ್ತಾನೆ. ಗೊತ್ತಿಲ್ಲ ಎನ್ನಿ. ಅದು ನಿಜವೇ ಆಗಿರುವಂತೆ ನೋಡಿಕೊಂಡಿದ್ದೇನೆ.

ಇಷ್ಟೇ,
ಡಾರ್ಲಿನ್ ಕುಖ್ತಾ