ಬೆಕ್ಕಿನ ಪಥ್ಯ

ಕೃಷ್ಣಮೂರ್ತಿಪುರಂ, ೧೯೫೮

ಸರ್ವಮಂಗಳಾ,

ಇದನ್ನು ಅಂಚೆಗೆ ಹಾಕುವುದಿಲ್ಲವಾದ್ದರಿಂದ ಕ್ಷೇಮಸಮಾಚಾರ ಕೇಳುತ್ತಿಲ್ಲ. ನಿನ್ನ ಬೆಕ್ಕಿಗೆ ಮತ್ತೆ ಮೂತ್ರ ಕಟ್ಟಿತ್ತು. ನೀನು ಮದುವೆಯಾಗಿ ಹೋದಾಗಿನಿಂದ ವಾಸಿಯಾಗುತ್ತದೆ, ಮರುಕಳಿಸುತ್ತದೆ. ಇವತ್ತು ಬಚ್ಚಲ ಮೂಲೆಯಲ್ಲಿ ಕೂತು ತಿಣುಕುತ್ತಿತ್ತು. ಬಂದದ್ದು ರಕ್ತದ ಹನಿ ಮಾತ್ರ. ಬುಟ್ಟಿಯಲ್ಲಿಟ್ಟುಕೊಂಡು ದನದ ಆಸ್ಪತ್ರೆಗೆ ಹೋದೆ.

ಡಾಕ್ಟರು ಹೊಟ್ಟೆ ಒತ್ತಿ ಮೂತ್ರ ಬಿಡಿಸಿ, ಸೂಜಿ ಚುಚ್ಚಿ, "ಏನು ಹಾಕ್ತೀರಿ ಇದಕ್ಕೆ?" ಎಂದರು.

"ಹಾಲು, ಅನ್ನ. ನಾವು ಲಿಂಗವಂತರು."

"ನೀವು ಸರಿ ಸ್ವಾಮಿ, ಬೆಕ್ಕಿಗೆ ಯಾರು ಲಿಂಗ ಕಟ್ಟಿದ್ರು? ಮಾಂಸ ಬೇಯಿಸಿ, ತೆಳ್ಳಗೆ ಸಾರು ಮಾಡಿ ಕುಡಿಸಿ. ಇನ್ನೊಂದು ಸಲ ಕಟ್ಟಿಕೊಂಡ್ರೆ ಉಳಿಯಲ್ಲ."

ಲಷ್ಕರ್ ಮೊಹಲ್ಲಾಕ್ಕೆ ಹೋಗಿ ಮಾಂಸ ತಂದೆ. ಹಿತ್ತಲಲ್ಲಿ ಕಲ್ಲು ಹೂಡಿ, ಹೊಸ ಮಡಕೆಯಿಟ್ಟು, ಸೆರಗಿನಿಂದ ಮೂಗು ಮುಚ್ಚಿಕೊಂಡು ನಿನ್ನಮ್ಮನೇ ಬೇಯಿಸಿದಳು. ಬೆಕ್ಕು ಬಟ್ಟಲು ನೆಕ್ಕಿ ಖಾಲಿ ಮಾಡಿತು. ಸಂಜೆ ಬೂದಿಯ ಮೇಲೆ ಸಲೀಸಾಗಿ ಮೂತ್ರ ಮಾಡಿತು.

ಮಡಕೆ ತೊಳೆಯುತ್ತಾ ನಿನ್ನಮ್ಮ ಕೇಳಿದಳು: "ಮಹದೇವು ಮನೇಲಿ ಮಾಂಸ ಬೇಯಿಸ್ತಾರೆ ಅಂತ ತಾನೇ, ಅವನನ್ನ ಕಟ್ಟಿಕೊಂಡ ಮಗಳಿಗೆ ಈ ಹೊಸಲು ತುಳೀಬೇಡ ಅಂದಿದ್ದು?"

"ಇದಕ್ಕೆ ಕಾಯಿಲೆ ಕಣೇ," ಎಂದೆ.

"ಹೂಂ ಕಣ್ರೀ, ಕಾಯಿಲೆ," ಎಂದಳು.

ಮಾಂಸದಂಗಡಿ ನಿಮ್ಮ ಬೀದಿಯಲ್ಲೇ ಇದೆ. ಬರುವಾಗ ನಿಮ್ಮ ಮನೆಯ ಬಾಗಿಲು ತೆರೆದಿತ್ತು. ಒಳಗೆ ಮಗುವೊಂದು ಅಳುತ್ತಿತ್ತು. ನೀನು ಅದನ್ನು ಸಮಾಧಾನ ಮಾಡುತ್ತಿದ್ದೆ. ನಿನಗೆ ಮಗುವಾಗಿರುವುದನ್ನು ನಮಗೆ ಯಾರೂ ಹೇಳಿರಲಿಲ್ಲ. ನಿನ್ನಮ್ಮನಿಗೆ ನಾನು ಇನ್ನೂ ಹೇಳಿಲ್ಲ.

ಅಪ್ಪ